ನನ್ನ ಕಾಲಿನ ಮೇಲೆ ಕಾಕೂ ಹೊತ್ತ ಹರಕೆ

ಕಳೆದ ವಾರ ತಪಾಸಣೆಗೆಂದು ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿದ್ದೆ. ಕಾಯುತ್ತ ಕೂತಿದ್ದ ಬೆಂಚಿನ ಪಕ್ಕದ ಕೋಣೆಯಲ್ಲಿ ಯಾರದೋ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು. ಆ ಕಂದು ಬಣ್ಣದ ಔಷಧದ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಚಾಳಿನ ಕಾಕೂ ಎದುರಿಗೆ ಬಂದು ಕೂತಂತಾಯಿತು. ಸುತ್ತಲಿನವರು ಏನಂದುಕೊಂಡರೋ, ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಹೋಗಿ ನಿಂತೆ.

ಕಾಕೂ ಅಂದರೆ ಚಿಕ್ಕಮ್ಮ, ಆದರೆ ಅವರು ನನಗೆ ರಕ್ತಸಂಬಂಧಿಯಲ್ಲ. ಸೊಲ್ಲಾಪುರದಲ್ಲಿ ಮಗ್ಗದ ಶೆಡ್ಡುಗಳ ಹಿಂದಿನ ಚಾಳಿನಲ್ಲಿ, ಸಾಲುಮನೆಗಳ ವಠಾರದಲ್ಲಿ, ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಕಡಕ್ ರೊಟ್ಟಿ ಬಡಿದು ಮಾರುತ್ತಿದ್ದರು. ಅವರ ಬಾಯಿ ಆ ರೊಟ್ಟಿಗಿಂತ ಕಡಕ್. ನನ್ನದೂ ಕಮ್ಮಿಯೇನಲ್ಲ, ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಅದಕ್ಕೇ ನಮ್ಮಿಬ್ಬರಿಗೆ ಹೊಂದಿಕೆಯಾಗಿತ್ತೋ ಏನೋ...

ಕೆಲವು ವರ್ಷಗಳ ಹಿಂದೆ, ಚಳಿಗಾಲ ಮುಗಿಯುವ ಹೊತ್ತಿಗೆ, ಜ್ವರ ಶ್ವಾಸಕೋಶಕ್ಕಿಳಿದು ನಾನು ಐಸಿಯು ಸೇರಿದೆ. ಬಾಯಿಗೆ ನಳಿಗೆ ಹಾಕಿದ್ದರಂತೆ, ಡಾಕ್ಟರು ಮನೆಯವರ ಹತ್ತಿರ ಕೈಬಿಟ್ಟಂತೆಯೇ ಮಾತಾಡಿದ್ದರಂತೆ. ನನಗೆ ಅದೊಂದೂ ನೆನಪಿಲ್ಲ. ನೆನಪಿರುವುದು ಮನೆಗೆ ಬಂದ ಮೇಲಿನ ದಿನಗಳು. ಸ್ಟೆರಾಯ್ಡ್ ಗುಳಿಗೆಗೆ ಮುಖ ಊದಿತು, ಮಲಗಿದಲ್ಲೇ ಮೈ ಬೆಳೆಯಿತು. ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಡಾಕ್ಟರು ಮುಲಾಜಿಲ್ಲದೆ ಹೇಳಿದರು, ತೂಕ ಇಳಿಸಿ ನಡೆದಾಡದಿದ್ದರೆ ಇನ್ನೊಂದು ಸಲ ಇಂಥ ಜ್ವರ ಬಂದಾಗ ಉಳಿಯುವುದು ಕಷ್ಟ ಎಂದು.

ತೂಕ ಇಳಿಸಲು ನಾನು ಹಿಡಿದ ದಾರಿ ನಮ್ಮ ಕಡೆಯವರೆಲ್ಲ ಹಿಡಿಯುವಂಥದೇ, ಉಪವಾಸ. ಸೋಮವಾರ, ಗುರುವಾರ, ಏಕಾದಶಿ, ಚತುರ್ಥಿ, ಒಂದೂ ಬಿಡಲಿಲ್ಲ. ಉಪವಾಸವೆಂದರೆ ಗೊತ್ತಲ್ಲ, ಶೇಂಗಾ ಪುಡಿ ಸುರಿದ ಸಾಬುದಾಣಿ ಖಿಚಡಿ, ತುಪ್ಪದಲ್ಲಿ ಹುರಿದ ಬಟಾಟೆ, ಮೇಲೊಂದು ರಾಜಗಿರಿ ಲಾಡು. ತಕ್ಕಡಿಯ ಮುಳ್ಳು ಮೇಲೇ ಹೋಗುತ್ತಿತ್ತು. ಒಂದು ಗುರುವಾರ ಕಾಕೂ ಒಳಗೆ ಬಂದವರೇ ನನ್ನ ತಾಟು ನೋಡಿ, ಇಂಥ ಉಪವಾಸ ಇನ್ನಷ್ಟು ಮಾಡಿದರೆ ನಿನ್ನನ್ನು ಹೊರಲು ನಾಲ್ಕು ಮಂದಿ ಸಾಲುವುದಿಲ್ಲ ಎಂದು ಖಿಚಡಿ ಎತ್ತಿಕೊಂಡು ಹೋದರು. ಬದಲಿಗೆ ಅರ್ಧ ರೊಟ್ಟಿ, ಪುಂಡಿಪಲ್ಯ ಬಂತು. ಅವರ ಮೇಲಿನ ಸಿಟ್ಟಿಗೆ ಕಿಟಕಿಯಿಂದ ನೋಡುತ್ತಲೇ ಇದ್ದೆ. ಸುಡುಸುಡು ಮಧ್ಯಾಹ್ನದಲ್ಲಿ ಅವರು ರೊಟ್ಟಿಯ ಗಂಟು ಹೊತ್ತು ರಸ್ತೆಗಿಳಿದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ನಮ್ಮ ಮನೆಯವರನ್ನು ಹಿಡಿದು ಕೇಳಿದಾಗ ವಿಷಯ ಹೊರಬಿತ್ತು. ನಾನು ಐಸಿಯುದಲ್ಲಿದ್ದಾಗ ಕಾಕೂ ನಲವತ್ತು ಕಿಲೋಮೀಟರ್ ದೂರದ ಅಕ್ಕಲಕೋಟಕ್ಕೆ ಹೋಗಿ, ಗುಡಿಯಲ್ಲಿ ಸ್ವಾಮಿಗಳ ಮುಂದೆ ಹರಕೆ ಹೊತ್ತಿದ್ದರು. ಈಕೆ ಬದುಕಿದರೆ ಸೊಲ್ಲಾಪುರದಿಂದ ತನ್ನ ಕಾಲಿನಿಂದ ನಡೆದು ಬಂದು ನಿಮ್ಮ ದರ್ಶನ ಮಾಡುತ್ತಾಳೆ, ಅಲ್ಲಿಯತನಕ ನಾನು ಚಪ್ಪಲಿ ಮೆಟ್ಟುವುದಿಲ್ಲ, ಎಂದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರೆ. ಇಲ್ಲಿ ಯಾರದೋ ಕಾಲು! ಗೋಡೆ ಹಿಡಿದು ಅವರ ಬಾಗಿಲಿಗೆ ಹೋಗಿ, ನನ್ನನ್ನು ಒಂದು ಮಾತು ಕೇಳದೆ ನನ್ನ ಕಾಲಿನ ಮೇಲೆ ಹರಕೆ ಹೊರಲು ನೀವು ಯಾರು ಎಂದು ಕೂಗಾಡಿದೆ.

ಕಾಕೂ ಹಿಟ್ಟು ನಾದುತ್ತಲೇ ಹೇಳಿದರು, "ನಿನ್ನ ಬಾಯಾಗ ನಳಿ ಹಾಕಿದ್ರು ಮಗಳ. ನಾ ಯಾರನ್ನ ಕೇಳಲಿ?"

ಬಂದ ಹಾಗೆಯೇ ಗೋಡೆ ಹಿಡಿದು ಮನೆಗೆ ಮರಳಿದೆ.

ನಿಜವಾದ ಹೆದರಿಕೆ ಶುರುವಾದದ್ದು ಆಮೇಲೆ. ಕಾಕೂಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಕಾದ ಡಾಂಬರಿನ ಮೇಲೆ ನಡೆದು ನಡೆದು ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಕಾಲು ಜಡವಾಗಿದ್ದರಿಂದ ಅವರಿಗೆ ನೋವೇ ತಿಳಿದಿರಲಿಲ್ಲ. ಚಪ್ಪಲಿ ಹಾಕದಿದ್ದರೆ ಕಾಲು ಕಳಕೊಳ್ಳುತ್ತೀರಿ ಎಂದು ಡಾಕ್ಟರು ಬೈದರು, ಮದುವೆಯಾಗಿ ದುಧನಿಯಲ್ಲಿದ್ದ ಮಗಳು ಬಂದು ಅತ್ತಳು. ಊಹೂಂ. ಮನೆಯಲ್ಲಿ ಬಟ್ಟೆ ಸುತ್ತಿಕೊಂಡರು, ಅಷ್ಟೇ. ಇನ್ನು ಅವರ ಕಾಲಿಗೆ ಚಪ್ಪಲಿ ಬರಬೇಕೆಂದರೆ ನಾನು ನಡೆಯಬೇಕಿತ್ತು, ಅದೂ ಬೇಗ.

ಬೆಳಿಗ್ಗೆ ಮಗ್ಗದ ಸದ್ದು ಶುರುವಾಗುವ ಮೊದಲೇ ಹೊರಬೀಳುತ್ತಿದ್ದೆ. ಮೊದಮೊದಲು ಹಿಟ್ಟಿನ ಗಿರಣಿಯತನಕ ಹೋಗುವಷ್ಟರಲ್ಲಿ ಕಣ್ಣಿಗೆ ಕತ್ತಲೆ. ಕಟ್ಟೆಯ ಮೇಲೆ ಕೂತು ಉಸಿರು ಎಳೆದುಕೊಳ್ಳುವಾಗ, ಇಲ್ಲೇ ಸತ್ತರೆ ಕಾಕೂ ಜನ್ಮವಿಡೀ ಬರಿಗಾಲಲ್ಲೇ ಉಳಿಯುತ್ತಾರಲ್ಲ ಎಂದು ಭಯವಾಗುತ್ತಿತ್ತು. ಮಳೆಗಾಲದಲ್ಲಿ ನಮ್ಮೂರ ಅಂಚಿನ ಅಕ್ಕಲಕೋಟ ನಾಕಾದತನಕ ಹೋಗಿ ಬರುವಂತಾದೆ. ರವಿಕೆಗಳು ಸಡಿಲಾದವು. ಜನ ಹೊಗಳಿದರು, ನನಗೆ ಹೊಗಳಿಕೆ ಬೇಕಿರಲಿಲ್ಲ. ಮನೆಗೆ ಬಂದರೆ ಗೋಡೆಯಾಚೆಯಿಂದ ಪಟ್ಟಿ ಬಿಚ್ಚಿದ ವಾಸನೆ ಬರುತ್ತಿತ್ತು. ನನ್ನ ಮೈ ಕರಗಿದಷ್ಟೂ ಅವರ ಗಾಯ ಅಗಲವಾಗುತ್ತಿತ್ತು.

ಒಮ್ಮೆ ತಡೆಯಲಾರದೆ, ನಡುದಾರಿಯ ವಳಸಂಗದತನಕ ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆಯುತ್ತೇನೆ, ಸ್ವಾಮಿಗಳೇನು ಟಿಕೇಟು ಕೇಳುತ್ತಾರೆಯೇ ಎಂದೆ.

"ನಾ ಸೊಲ್ಲಾಪುರದಿಂದ ಅಂದೀನಿ," ಎಂದರು ಕಾಕೂ. "ನೀ ಗಡಬಡ ಮಾಡಬ್ಯಾಡ. ನಿನ್ನ ಉಸರಿಗೆ ಏನರೆ ಆದ್ರ ನಾ ಅವರ ಮುಂದ ಹೆಂಗ ನಿಲ್ಲಲಿ?"

ಚಳಿ ಬಿದ್ದ ಮೇಲೆ ಡಾಕ್ಟರು ಒಪ್ಪಿದರು. ಎರಡು ದಿನ ಮಾಡಿ ನಡೆಯಬೇಕು, ಉಸಿರು ಕಟ್ಟಿದರೆ ಅಲ್ಲಿಗೇ ನಿಲ್ಲಿಸಬೇಕು ಎಂಬ ಷರತ್ತು. ಮನೆಯವರು ಬೈಕಿನಲ್ಲಿ ನೀರು, ಔಷಧ ಇಟ್ಟುಕೊಂಡು ಹಿಂದೆ ಹಿಂದೆ ಬಂದರು. ಕುಂಭಾರಿ ದಾಟಿದೆ, ವಳಸಂಗದಲ್ಲಿ ಉಳಿದೆ. ಮರುದಿನ ಅಕ್ಕಲಕೋಟ ಕಣ್ಣಿಗೆ ಕಾಣುವಾಗ ಎದೆಯಲ್ಲಿ ಸಿಳ್ಳೆ ಹೊಡೆದಂತೆ ಸದ್ದು ಬರತೊಡಗಿತು. ಬೈಕ್ ಹತ್ತು ಎಂದು ಮನೆಯವರು ಗೋಗರೆದರು. ರಸ್ತೆಬದಿಯ ಜಾಲಿಯ ನೆರಳಲ್ಲಿ ಕೂತೆ, ಪಂಪಿನಿಂದ ಔಷಧ ಎಳೆದುಕೊಂಡೆ, ಸದ್ದು ಇಳಿಯುವತನಕ ಕಾದೆ, ಮತ್ತೆ ಎದ್ದೆ.

ಕಾಕೂ ಮಗಳ ಜೊತೆ ಎಸ್‌ಟಿ ಬಸ್ಸಿನಲ್ಲಿ ಬಂದು ಗುಡಿಯ ಬಾಗಿಲಲ್ಲಿ ಕೂತಿದ್ದರು. ನನ್ನನ್ನು ಕಂಡವರೇ ನನ್ನ ಕಾಲು ನೋಡಿದರು. ದರ್ಶನ ಮಾಡಿ ಬಂದು, ಪೇಟೆಯಲ್ಲಿ ಕೊಂಡ ಮೆತ್ತನೆಯ ಚಪ್ಪಲಿಯನ್ನು ಅವರ ಮುಂದಿಟ್ಟೆ. ಎಡಗಾಲು ಹೋಯಿತು. ಬಲಗಾಲಿನ ಪಟ್ಟಿ ಎಷ್ಟು ದಪ್ಪವಾಗಿತ್ತೆಂದರೆ ಏನು ಮಾಡಿದರೂ ಚಪ್ಪಲಿಯ ಬಾರಿನೊಳಗೆ ಹೋಗಲೇ ಇಲ್ಲ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಕಾಕೂ ನನ್ನ ಬೆನ್ನು ಸವರಿದರು. "ಇರಲಿ ಬಿಡು. ನೀ ಬಂದಿ," ಅಂದರು.

ಮೊದಲು ಬೆರಳು ತೆಗೆದರು. ಆಮೇಲೆ ಮೊಣಕಾಲಿನತನಕ... ನಂಜು ಅಲ್ಲಿಗೂ ನಿಲ್ಲಲಿಲ್ಲ. ಮರುಬೇಸಿಗೆಯನ್ನು ಕಾಕೂ ನೋಡಲಿಲ್ಲ.

ಕಳೆದ ವಾರದ ತಪಾಸಣೆಯಲ್ಲಿ ಎಲ್ಲ ಚೆನ್ನಾಗಿತ್ತು. ಇಷ್ಟು ತೂಕ ಇಳಿಸಿ ಉಳಿಸಿಕೊಂಡವರು ಕಡಿಮೆ, ಹೇಗೆ ಸಾಧಿಸಿದಿರಿ ಎಂದು ಹೊಸ ಡಾಕ್ಟರು ಕೇಳಿದರು. ನಡೆದೆ ಎಂದಷ್ಟೇ ಹೇಳಿದೆ.

ಈಗಲೂ ಚಳಿಗಾಲದಲ್ಲಿ ಅಕ್ಕಲಕೋಟಕ್ಕೆ ನಡೆದೇ ಹೋಗುತ್ತೇನೆ. ಸಾಲಿನಲ್ಲಿ ನಿಂತವರೆಲ್ಲ ಮಕ್ಕಳಿಗೆ, ಗಂಡಂದಿರಿಗೆ, ತಮಗೆ ಏನೇನೋ ಬೇಡಿಕೊಳ್ಳುತ್ತಿರುತ್ತಾರೆ. ನಾನು ಕೈಮುಗಿಯುತ್ತೇನೆ, ಏನೂ ಬೇಡುವುದಿಲ್ಲ. ಬೇಡಲು ನನಗೆ ಹೆದರಿಕೆ. ನನಗೋಸ್ಕರ ಬೇಡುತ್ತಿದ್ದವರು ಒಬ್ಬರಿದ್ದರು, ಅವರಿಗೆ ಹೆದರಿಕೆ ಇರಲಿಲ್ಲ.