ಅಂಕಮ್ಮ ತೆಪ್ಪ ನಿಲ್ಲಿಸಿದ ದಿನ

ಚನ್ನಪಟ್ಟಣದಾಚೆ, ಕೆರೆಯ ಹಿನ್ನೀರಿನ ನಡುವೆ ನಡುದಿಬ್ಬ ಅಂತ ಒಂದು ಊರು. ಊರೆಂದರೆ ಹತ್ತು ಹನ್ನೆರಡು ಮನೆ, ಅಷ್ಟೇ. ಆಚೆ ದಡ ಸೇರಬೇಕಾದರೆ ಅಂಕಮ್ಮನ ತೆಪ್ಪವೇ ಗತಿ. ಗಂಡ ತೀರಿದ ಮೇಲೆ ಹುಟ್ಟು ಹಿಡಿದ ಹೆಂಗಸು. ಬಾಯಿ ಜೋರು, ಕರುಳು ಮಾತ್ರ ಮೆತ್ತಗೆ. ಸುಗ್ಗಿಯಲ್ಲಿ ಮನೆಮನೆಯವರು ಅಳೆದುಕೊಡುವ ರಾಗಿಯೇ ಅವಳ ವರ್ಷದ ಕೂಳು.

ಬಿಡದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಊರಿನ ಲೋಕೇಶನ ಹೆಂಡತಿ ಲತಾಮಣಿ ಅಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿದ್ದಳು. ಗಂಡ ಕುಡಿದು ಬಂದು ಬಡಿಯುತ್ತಿದ್ದ. ತಡೆಯಲಾರದೆ ಒಂದು ಸಂಜೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟುಬಿಟ್ಟಳು. ಅಷ್ಟಕ್ಕೇ ಊರ ಮಾನ ಹೋಯಿತಂತೆ! ಅವಳ ಬೆನ್ನಮೇಲೆ ಬಾಸುಂಡೆ ಏಳುವಾಗ ಈ ಮಾನ ಎಲ್ಲಿ ಮಲಗಿತ್ತೋ ಕಾಣೆ. ಊರ ಯಜಮಾನ ಬೋರಲಿಂಗಯ್ಯ ಅದೇ ರಾತ್ರಿ ನ್ಯಾಯ ಕೂರಿಸಿ, ಅವಳೊಡನೆ ಯಾರೂ ಮಾತಾಡಕೂಡದು, ಅವಳು ಬೋರಿನ ನೀರು ಹಿಡಿಯಕೂಡದು, ತೆಪ್ಪ ಹತ್ತಕೂಡದು ಎಂದ. ಹತ್ತಿಸಿದರೆ ಅಂಕಮ್ಮನಿಗೆ ರಾಗಿಯೂ ಇಲ್ಲ.

ಮರುದಿನ ಕೆಲಸ ತಪ್ಪಿಸಿದರೆ ಲತಾಮಣಿಯ ಜಾಗಕ್ಕೆ ಬೇರೆಯವಳು ಬಂದು ಕೂರುತ್ತಿದ್ದಳು. ಆ ಸಂಬಳ ಹೋದರೆ ಮತ್ತೆ ಲೋಕೇಶನ ಕೈಕೆಳಗೇ ಬೀಳಬೇಕು. ಅಂಕಮ್ಮನಿಗೆ ಅನ್ನ ಸೇರಲಿಲ್ಲ. ರಾಗಿಯ ಚಿಂತೆ ಇರಲಿಲ್ಲವೆಂದರೆ ಸುಳ್ಳಾದೀತು, ಇತ್ತು.

ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಬೋರಲಿಂಗಯ್ಯನೂ ಸೇರಿ ಊರವರು ದಡಕ್ಕೆ ಬಂದರು. ಲತಾಮಣಿ ದೂರದಲ್ಲಿ ನಿಂತಿದ್ದಳು. ಅಂಕಮ್ಮ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತೇಬಿಟ್ಟಳು.

“ಆ ಹುಡ್ಗಿ ಹತ್ತಂಗಿಲ್ಲ ಅಂದ್ರೆ ಯಾರೂ ಹತ್ತಂಗಿಲ್ಲ. ನಿಮ್ಮ್ ರಾಗಿ ನೀವೇ ಇಟ್ಕಳಿ.”

ಗದರಿದರು, ಗೋಗರೆದರು. ಅವಳು ಜಗ್ಗಲಿಲ್ಲ. ಆಚೆ ದಡದಲ್ಲಿ ಡೇರಿಯ ವ್ಯಾನು ಹಾರನ್ ಹೊಡೆಯತೊಡಗಿತು. ಕೊನೆಗೆ ಬೋರಲಿಂಗಯ್ಯ ಮುಖ ಗಂಟಿಕ್ಕಿಕೊಂಡು, ಹತ್ತಿಸಿಕೊಂಡು ಸಾಯಿ ಎಂದ.

ದುಂಡನೆಯ ತೆಪ್ಪ, ಭಾರ ಒಂದೇ ಕಡೆ ಬಿದ್ದರೆ ಮಗುಚುತ್ತದೆ. ಅಂಕಮ್ಮ ಲತಾಮಣಿಯನ್ನು ಒಂದು ಅಂಚಿಗೆ ಕೂರಿಸಿ, ಸರಿಯಾಗಿ ಅವಳ ಎದುರಿಗೆ ಯಜಮಾನನನ್ನೇ ಕೂರಿಸಿದಳು. ನಡುನೀರಲ್ಲಿ ಎದ್ದು ಹೋಗುವುದೆಲ್ಲಿಗೆ? ಒಡೆದ ತುಟಿ, ಕಪ್ಪುಗಟ್ಟಿದ ಕೆನ್ನೆ ಕಣ್ಣಿಗೆ ಬಿದ್ದೇ ಬಿದ್ದವು. ಮುದುಕ ಅವಳನ್ನು ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ತಾನೇ ಹಾಕಿದ ಕಟ್ಟನ್ನು ತಾನೇ ಮುರಿದ.

“ಏನಾರ ತಿಂದ್ಯೇನವ್ವ?”

“ಇಲ್ಲ ಮಾವ. ನೀರಿರ್ನಿಲ್ಲ, ಒಲೆ ಹಚ್ನಿಲ್ಲ.”

ಆ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಅದನ್ನು ಕೇಳಿ ಅಂಕಮ್ಮನಿಗೆ ಅಳು ತಡೆಯಲಾಗಲಿಲ್ಲ. ಬೋರಲಿಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡು, ತೆಪ್ಪದಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದ:

“ಠಾಣೆಯವ್ರು ಮತ್ತೆ ಕರದ್ರೆ ಹೇಳವ್ವ. ನಾನೂ ಬತ್ತೀನಿ.”