ವಾಪಸಿಗೆಂದು ಇಟ್ಟ ಅಂಚೆಚೀಟಿ

ನಿಜಾಮರ ಕಾಲದಲ್ಲಿ ಮಸ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದ ನನಗೆ, ಬರಹಕ್ಕೆ ಹಣ ಕೊಡುವ ಕನ್ನಡ ಪತ್ರಿಕೆ ಬೇಕಿತ್ತು. ಅಂಥವು ಗಡಿಯಾಚೆ, ಇಂಗ್ರೇಜರ ಆಳ್ವಿಕೆಯ ಧಾರವಾಡದ ಕಡೆ ಇದ್ದವು. ಅವುಗಳ ವಿಳಾಸ ಸಿಗುತ್ತಿದ್ದದ್ದು ಸಿಂಧನೂರಿನ ಕಿರಾಣಿ ಅಂಗಡಿಯಲ್ಲಿ, ಬೇಳೆ ಕಟ್ಟಿಕೊಡುವ ರದ್ದಿ ಹಾಳೆಗಳಲ್ಲಿ. ಒಂದು ಹಾಳೆಯಲ್ಲಿ ಲೇಖನಕ್ಕೆ ಸಂಭಾವನೆ ಉಂಟೆಂದೂ, ಮರಳಿ ಬೇಕಾದವರು ಅಂಚೆಚೀಟಿ ಇಡಬೇಕೆಂದೂ ಇತ್ತು.

ಪಾಮನಕಲ್ಲೂರಿನಲ್ಲಿ ನೆಲದೊಳಗಿನ ಜೋಳದ ಹಗೇವು ತೆರೆಯುವ ಬಗೆಯನ್ನು ಬರೆದು, ಗಡಿಯಾಚೆಗೆ ಹೋಗುವ ಲಿಂಗಸೂಗೂರಿನ ಇಂಗ್ರೇಜಿ ಅಂಚೆಯಿಂದ ಕಳಿಸಿದೆ. ನನ್ನಲ್ಲಿ ಬೇರೆ ಪ್ರತಿ ಇರಲಿಲ್ಲ. ಅಂಗಡಿಯವರಿಗೆ ಹೇಳಿದಾಗ ಅವರು ಕೇಳಿದರು:

"ವಾಪಸಿಗೆ ಯಾವ ಟಿಕೀಟು ಇಟ್ಟೀರಿ, ಮಾಸ್ತರ?"

"ಮನ್ಯಾಗ ಇದ್ದದ್ದು. ನಿಜಾಮರದು."

"ಗಡಿ ದಾಟಿದ್ರ ಅದು ಬರೇ ಚಿತ್ರ ರೀ. ನಿಮ್ಮ ಲೇಖನ ಇನ್ನ ಅಲ್ಲೇ ಸಂಸಾರ ಹೂಡ್ತದ."

ಮುಂದಿನ ತಿಂಗಳು ಸಂಪಾದಕರ ಕಾರ್ಡು ಬಂತು. ಬೇಡವೆಂದು ಮರಳಿಸಲು ಎತ್ತಿಟ್ಟ ಲೇಖನ, ಆ ಚೀಟಿ ಅಲ್ಲಿ ನಡೆಯದ್ದರಿಂದ ಅವರ ಮೇಜಿನ ಮೇಲೇ ಉಳಿದಿತ್ತಂತೆ. ಅವರು ಮತ್ತೊಮ್ಮೆ ಓದಿ ಅಚ್ಚಿಗೆ ಕೊಟ್ಟಿದ್ದರು. ಸಂಭಾವನೆ ಇಂಗ್ರೇಜರ ಕಲ್ದಾರ್ ರೂಪಾಯಿಯಲ್ಲೇ ಬಂತು. ಅದಕ್ಕೆ ನಮ್ಮ ನಿಜಾಮರ 'ಹಾಲಿ' ರೂಪಾಯಿಗಿಂತ ಬೆಲೆ ಹೆಚ್ಚು.

ಅಂದಿನಿಂದ ಅಂಗಡಿಯವರು ಪತ್ರಿಕೆಯ ವಿಳಾಸವಿದ್ದ ಹಾಳೆಗಳಲ್ಲಿ ಬೇಳೆ ಕಟ್ಟದೆ, ನನಗಾಗಿ ತೆಗೆದಿಡತೊಡಗಿದರು. ಮೊದಲ ಕಟ್ಟನ್ನು ಕೊಡುವಾಗ ಹೇಳಿದರು:

"ಎಲ್ಲಾರಿಗೂ ಬರೀರಿ, ಮಾಸ್ತರ. ಟಿಕೀಟು ಮಾತ್ರ ನಿಜಾಮರದ ಇಡ್ರಿ."