ಹೆಪ್ಪು ಮತ್ತು ಬೂಷ್ಟು

ಮೈಸೂರಿನಲ್ಲಿ ಬೈಗುಳಕ್ಕೂ ಬಹುವಚನ! ನಮ್ಮ ರಾಯಚೂರಿನಲ್ಲಿ ಸಿಟ್ಟು ಬಂದವರು ಬೀದಿಯಲ್ಲಿ ನಿಂತು ಒದರುತ್ತಾರೆ, ಸಂಜೆಗೆ ತಾವೇ ಕರೆದು ಚಹಾ ಕುಡಿಸುತ್ತಾರೆ. ಇಲ್ಲಿ, ಒಂಟಿಕೊಪ್ಪಲಿನ ಮನೆಯೊಡತಿ ಸಾವಿತ್ರಮ್ಮನವರು, "ತಪ್ಪು ತಿಳ್ಕೋಬೇಡೀಮ್ಮ, ನೀವು ಯಾವ ಜನ?" ಎಂದು ನಗುನಗುತ್ತಲೇ ಕೇಳಿದರು. ಅವರದು ಅರಮನೆ ಚಾಕರಿಯ ಮನೆತನವಂತೆ. ನನಗೆ ಮೈಯೆಲ್ಲ ಉರಿಯಿತು. ಆದರೂ ಉತ್ತರ ಹೇಳಿದೆ. ತೊಂಬತ್ತರ ದಶಕದಲ್ಲಿ ಒಂಟಿ ಹೆಣ್ಣಿಗೆ ಕೋಣೆ ಬಾಡಿಗೆ ಕೊಡುವವರು ಎಷ್ಟು ಮಂದಿ ಇದ್ದರು?

ನಾನು ಬಂದದ್ದು ಇಲವಾಲದ ಹತ್ತಿರದ ಒಂದು ಸಣ್ಣ ಕಾರ್ಖಾನೆಗೆ. ಕಾಫಿ ಬೀಜ ಸುಲಿದ ಮೇಲೆ ಉಳಿಯುವ ಹೊಟ್ಟು ಅಲ್ಲಿಗೆ ಲಾರಿಯಲ್ಲಿ ಬರುತ್ತಿತ್ತು. ಅದರ ಮೇಲೆ ಬೂಷ್ಟು ಬೆಳೆಸಿ, ರೇಷ್ಮೆ ನೂಲಿನ ಅಂಟು ಬಿಡಿಸುವ ಪುಡಿ ತೆಗೆಯುವುದು ನನ್ನ ಕೆಲಸ. ಬೂಷ್ಟು ಅಂದರೆ ಬೇರೇನಲ್ಲ, ಹಳಸಿದ ಅನ್ನದ ಮೇಲೆ ಬರುವುದನ್ನು ನಾವು ಬೂಸರು ಅನ್ನುತ್ತೇವಲ್ಲ, ಅದೇ. ಹೊಟ್ಟಿನ ಗುಡ್ಡೆ ಕೆದಕಿ ಕೆದಕಿ, ಕಾಫಿಯ ಕಹಿಗೆ ಹೆದರದ ಒಂದು ತಳಿ ಹುಡುಕಿದ್ದೆ. ಅದು ಗೆದ್ದರೆ ಕೆಲಸ ಕಾಯಂ, ಇಲ್ಲವಾದರೆ ರಾಯಚೂರಿನ ಬಸ್ಸು. ಕಾರ್ಖಾನೆಯ ಕರೆಂಟನ್ನು ನಂಬದೆ ನನ್ನ ಕೋಣೆಯ ಕಿಟಕಿಯಲ್ಲೂ ಒಂದು ತಟ್ಟೆಯಲ್ಲಿ ಅದನ್ನು ಬೆಳೆಸಿಟ್ಟುಕೊಂಡಿದ್ದೆ.

ಹೆದರಿದಂತೆಯೇ ಕರೆಂಟು ಕೈಕೊಟ್ಟು ಕಾರ್ಖಾನೆಯಲ್ಲಿದ್ದದ್ದೆಲ್ಲ ಕೆಟ್ಟಿತು. ಕೋಣೆಗೆ ಓಡಿ ಬಂದರೆ ನನ್ನ ತಟ್ಟೆ ಫಳಫಳ ಹೊಳೆಯುತ್ತಿದೆ! ಎಲ್ಲೆಲ್ಲೂ ಫಿನಾಯಿಲ್ ವಾಸನೆ.

"ಬೂಷ್ಟು ಹಿಡಿದ್ಬಿಟ್ಟಿತ್ತು ಕಣಮ್ಮ," ಎಂದರು ಸಾವಿತ್ರಮ್ಮ. "ದೇವರ ಮನೆ ಪಕ್ಕದಲ್ಲೇ ಕೊಳಕು ಇಟ್ಕೊಳೋದಾ? ನಾನೇ ತೊಳೆದಿಟ್ಟೆ."

"ಕೊಳಕಲ್ರೀ ಅದು, ನನ್ನ ಅನ್ನ!" ಬೀದಿಗೆ ಕೇಳುವಂತೆ ಒದರಿದೆ. "ನಿಮ್ಮ ಹಾಲು ಮೊಸರು ಮಾಡೋ ಜೀವ ಏನ್ ಮಡಿ ಉಟ್ಕೊಂಡು ಬಂದೈತೇನ್ರೀ?"

"ಹೆಪ್ಪಿಗೂ ಬೂಷ್ಟಿಗೂ ಹೋಲಿಕೇನಾ? ತಪ್ಪು ತಿಳ್ಕೋಬೇಡಿ, ನೀವು ಬೇರೆ ಮನೆ ನೋಡ್ಕೊಳಿ."

ಆ ತಳಿ ಮತ್ತೆ ಸಿಗಲೇ ಇಲ್ಲ. ಗುಡ್ಡೆಯಲ್ಲಿ ಇನ್ನೊಂದು ಸಿಕ್ಕಿತು, ಶುದ್ಧ ಸೋಮಾರಿ. ಅದನ್ನೇ ಪಳಗಿಸಿ ಹೇಗೋ ಕೆಲಸ ಉಳಿಸಿಕೊಂಡೆ. ಆ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ.

ಮನೆ ಖಾಲಿ ಮಾಡುವ ದಿನ ಸಾವಿತ್ರಮ್ಮ ಬಟ್ಟಲು ಹಿಡಿದು ಬಂದರು. "ಹೊಸ ಮನೇಲಿ ಹೆಪ್ಪಿಲ್ದೆ ಒದ್ದಾಡ್ಬೇಡಿ. ನಮ್ಮತ್ತೆ ಕಾಲದಿಂದ ಬಂದಿದ್ದು ಕಣಮ್ಮ ಇದು."

ನನ್ನದನ್ನು ಕೊಂದವರು ತಮ್ಮದನ್ನು ಕೊಡುತ್ತಿದ್ದಾರೆ! ಅವರೆದುರಿಗೇ ಮೋರಿಗೆ ಚೆಲ್ಲೋಣ ಎನ್ನಿಸಿತು. ಜೀವ ಇರುವುದನ್ನು ಚೆಲ್ಲಲು ನಾನೇನು ಸಾವಿತ್ರಮ್ಮನೇ? ಬಟ್ಟಲನ್ನು ಅಶೋಕಪುರಂನ ಹೊಸ ಕೋಣೆಗೆ ಹೊತ್ತು ತಂದೆ.

ಎಷ್ಟೋ ವರ್ಷಗಳ ಮೇಲೆ ರಾಯಚೂರಿನಿಂದ ಅವ್ವ ಬಂದಳು. ಆ ಹೆಪ್ಪಿನ ಮೊಸರನ್ನ ಬಾಯಿಗಿಟ್ಟು, "ಚಲೋ ಐತಿ. ಆದ್ರ ನಮ್ಮನಿ ಮೊಸರಲ್ಲ ಇದು," ಎಂದಳು.

"ನಮ್ಮನಿ ಅಂದ್ರ ಯಾವ್ದು ಯವ್ವಾ?" ಎಂದು ರೇಗಿದೆ. ಪಾಪ, ಅವಳೇನು ಮಾಡಿದ್ದಳು? ಇನ್ನೊಂದು ತುತ್ತು ಕಲಸಿಕೊಂಡಳು.

ಸಂಜೆ ಹಾಲು ಕಾಯಿಸಿ ಆರಿಸಿದೆ. ಅದೇ ಹೆಪ್ಪು ಹಾಕಿದೆ.